ಸಂಘ ಕಟ್ಟುವ ಮೊದಲು, ಕಟ್ಟಿದ ಮೇಲೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸೇವಾ ಸಂಸ್ಥೆಗಳ ಕುರಿತೇ ಇವೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ನಾವು ಒಂಬತ್ತು ಮಂದಿ ಗೆಳೆಯರು. ನಾಲ್ಕು ಹಳ್ಳಿಗಳಲ್ಲಿ ಅಂಗವಿಕಲರಿಗೆ, ದಿಕ್ಕಿಲ್ಲದ ವಯಸ್ಸಾದವರಿಗೆ ಪಿಂಚಣಿ ಅರ್ಜಿ ಬರೆದುಕೊಡುತ್ತೇವೆ, ದವಾಖಾನೆಗೆ ಕರೆದುಕೊಂಡು ಹೋಗುತ್ತೇವೆ. ಜನ ಕೊಡುವ ರೊಕ್ಕ ಒಬ್ಬ ಗೆಳೆಯನ ಫೋನ್‌ಪೇಗೆ ಬರುತ್ತದೆ. ಸಂಘ ಮಾಡಬೇಕೋ, ಟ್ರಸ್ಟ್ ಮಾಡಬೇಕೋ? (ಇಂಡಿ)

ಮೊದಲು ಆ ಫೋನ್‌ಪೇ ನಿಲ್ಲಿಸಿ. ಗೆಳೆಯನ ಪ್ಯಾನ್ ಇರುವ ಖಾತೆಗೆ ಬಂದ ಹಣ ಲೆಕ್ಕಕ್ಕೆ ಅವನದೇ ಆಗುತ್ತದೆ. ತೆರಿಗೆ ನೋಟಿಸ್ ಬಂದರೆ ಅವನ ಮನೆಗೆ ಬರುತ್ತದೆ. ನಾಳೆ ಅವನಿಗೇನಾದರೂ ಆದರೆ ಹಣ ಅವನ ವಾರಸುದಾರರಿಗೆ ಹೋಗುತ್ತದೆ. ನೋಂದಣಿಯಾಗಿ ಸಂಘದ ಹೆಸರಿನಲ್ಲಿ ಪ್ಯಾನ್ ಮತ್ತು ಬ್ಯಾಂಕ್ ಖಾತೆ ಆಗುವ ತನಕ ದೇಣಿಗೆ ಎತ್ತಬೇಡಿ. ಅಷ್ಟರಲ್ಲಿ ಯಾರಿಗಾದರೂ ಗಾಲಿಕುರ್ಚಿ ಬೇಕಾದರೆ, ಕೊಡುವವರೇ ನೇರವಾಗಿ ಅಂಗಡಿಗೆ ಹಣ ಕಟ್ಟಿ ಬಿಲ್ ಇಟ್ಟುಕೊಳ್ಳಲಿ.

ಒಂಬತ್ತು ಮಂದಿ ಸರಿಸಮಾನವಾಗಿ ದುಡಿಯುತ್ತಿದ್ದೀರಿ. ನಿಮಗೆ ಸಂಘವೇ ಸರಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಕನಿಷ್ಠ 7 ಜನ ಸಾಕು. ಟ್ರಸ್ಟ್ ಡೀಡ್ ಸಬ್‌ರಜಿಸ್ಟ್ರಾರ್ ಕಚೇರಿಯಲ್ಲಿ ಬೇಗ ಆಗುತ್ತದೆ, ಇಬ್ಬರಿದ್ದರೂ ನಡೆಯುತ್ತದೆ, ನಿಜ. ಆದರೆ ಟ್ರಸ್ಟ್‌ನಲ್ಲಿ ಸಾಮಾನ್ಯವಾಗಿ ಚುನಾವಣೆ ಇರುವುದಿಲ್ಲ. ಗೆಳೆತನ ಕೆಟ್ಟ ದಿನ ಒಬ್ಬ ಟ್ರಸ್ಟಿಯನ್ನು ಬದಲಿಸಲಿಕ್ಕೂ ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು.

ಬೈಲಾವನ್ನು, ಅಂದರೆ ಸಂಘದ ನಿಯಮಾವಳಿಯನ್ನು, ಬೇರೆ ಸಂಘದ್ದು ನೋಡಿ ನಕಲು ಹೊಡೆಯಬೇಡಿ. ಮುಂದಿನ ತೊಂದರೆಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಉದ್ದೇಶದ ಕಲಂನಲ್ಲಿ ‘ಇಂಡಿ ತಾಲೂಕಿನ ಅಂಗವಿಕಲರು’ ಎಂದಷ್ಟೇ ಬರೆದರೆ ನಾಳೆ ಸಿಂದಗಿಯ ಒಬ್ಬ ಅಜ್ಜಿಗೆ ಖರ್ಚು ಮಾಡಿದ್ದೂ ಆಕ್ಷೇಪಣೆಗೆ ಬರುತ್ತದೆ. ಸಂಘ ಮುಚ್ಚಿದರೆ ಉಳಿದ ಆಸ್ತಿ ಸದಸ್ಯರಿಗೆ ಹಂಚಿಕೆಯಾಗದೆ ಇದೇ ಬಗೆಯ ಇನ್ನೊಂದು ಸಂಸ್ಥೆಗೆ ಹೋಗಬೇಕು ಎಂಬ ಮಾತು ಬೈಲಾದಲ್ಲಿ ಇರಲೇಬೇಕು. ಅದಿಲ್ಲದಿದ್ದರೆ ತೆರಿಗೆ ವಿನಾಯಿತಿಗೆಂದು ನೀವು ಹಾಕುವ ನೋಂದಣಿ ಅರ್ಜಿಯನ್ನು ಆದಾಯ ತೆರಿಗೆ ಇಲಾಖೆ ಅಲ್ಲೇ ತಡೆಯುತ್ತದೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರೂ ಒಂದೇ ಮನೆಯವರು ಬೇಡ. ಬ್ಯಾಂಕಿನಲ್ಲಿ ಇಬ್ಬರ ಜಂಟಿ ಸಹಿ ಇರಲಿ.

ನೋಂದಣಿ ಪತ್ರ ಕೈಗೆ ಬಂದ ದಿನ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ಮರುವರ್ಷದ ಕೆಲಸ ಮರೆಯುತ್ತಾರೆ. ವರ್ಷಕ್ಕೊಮ್ಮೆ ಮಹಾಸಭೆ ಮಾಡಿ, ಅದಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕಪತ್ರವನ್ನು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಾಲ್ಕೈದು ವರ್ಷ ಬಿಟ್ಟ ಸಂಘಗಳಿಗೆ ಆಮೇಲೆ ಅನುದಾನದ ಅರ್ಜಿ ಹಾಕುವಾಗ ಇದೇ ಗಂಟಲಿಗೆ ಬರುತ್ತದೆ. ಹಳೆಯ ಠರಾವು ಪುಸ್ತಕವನ್ನು ಒಂದೇ ಕೂತಾಗ, ಒಂದೇ ಪೆನ್ನಿನಲ್ಲಿ ಬರೆದು ತುಂಬುತ್ತಾರೆ. ನೋಡಿದವರಿಗೆ ಅದು ಮೊದಲ ನೋಟಕ್ಕೇ ತಿಳಿಯುತ್ತದೆ. ಪುಟಗಳಿಗೆ ನಂಬರ್ ಹಾಕಿದ ಪುಸ್ತಕ ಕೊಳ್ಳಿರಿ. ಸಭೆ ಮುಗಿದ ಕೂಡಲೇ ಅಲ್ಲೇ ಠರಾವು ಬರೆದು, ಕೂತಲ್ಲೇ ಸಹಿ ಮಾಡಿಸಿ, ಉಳಿದ ಜಾಗಕ್ಕೆ ಅಡ್ಡಗೆರೆ ಎಳೆಯಿರಿ.

ಇನ್ನು ನೀವು ಮಾಡುತ್ತಿರುವ ಕೆಲಸದ ಬಗ್ಗೆ ಒಂದು ಮಾತು. ಅಂಗವಿಕಲರ ಕೆಲಸಕ್ಕೆಂದೇ ಗ್ರಾಮ ಪಂಚಾಯಿತಿಗೊಬ್ಬ ವಿ.ಆರ್.ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ), ತಾಲೂಕಿಗೊಬ್ಬ ಎಂ.ಆರ್.ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ಇದ್ದಾರೆ. ಅವರನ್ನು ಬಿಟ್ಟು ಓಡಾಡಬೇಡಿ. ಪಂಚಾಯಿತಿ ತನ್ನ ಸ್ವಂತ ವರಮಾನದಲ್ಲಿ ಶೇ. 5ರಷ್ಟನ್ನು ಅಂಗವಿಕಲರಿಗೆ ತೆಗೆದಿಡಬೇಕು. ಗ್ರಾಮಸಭೆಯಲ್ಲಿ ಆ ಲೆಕ್ಕ ಕೇಳಿ. ಬರುತ್ತಿದ್ದ ಪಿಂಚಣಿ ಒಮ್ಮೆಲೇ ನಿಂತಿದ್ದರೆ ಹೊಸ ಅರ್ಜಿ ಬರೆಯಲು ಹೋಗಬೇಡಿ. ಅಜ್ಜಿಯ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಮೊದಲು ನೋಡಿ. ಯಾವುದೋ ಯೋಜನೆಗೆಂದು ಇನ್ನೊಂದು ಖಾತೆ ತೆರೆಸಿದಾಗ ಜೋಡಣೆ ಅಲ್ಲಿಗೆ ಹೋಗಿರುತ್ತದೆ, ಹಣ ಅಲ್ಲಿ ಬೀಳುತ್ತಿರುತ್ತದೆ. ಅಜ್ಜಿ ಮಾತ್ರ ಹಳೆಯ ಪಾಸ್‌ಬುಕ್ ಹಿಡಿದು ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗಿ ಬರುತ್ತಿರುತ್ತಾಳೆ.

ಕಬ್ಬು ಕಡಿಯುವ ಗ್ಯಾಂಗಿನ ಮಕ್ಕಳು ನಮ್ಮೂರ ಹೊಲದಲ್ಲೇ ದಿನ ಕಳೆಯುತ್ತವೆ. ನಮ್ಮ ಯುವಕ ಮಂಡಳದಿಂದ ತಗಡಿನ ಶೆಡ್ ಹಾಕಿ ಶಾಲೆ ತೆರೆಯಬೇಕೆಂದಿದ್ದೇವೆ. ಎಷ್ಟು ಖರ್ಚು ಬರುತ್ತದೆ? (ಜಮಖಂಡಿ)

ಶೆಡ್ಡಿನ ಖರ್ಚು ಆಮೇಲೆ ನೋಡೋಣ. ಮೊದಲು ಮಕ್ಕಳನ್ನು ಎಣಿಸಿ.

ಗ್ಯಾಂಗುಗಳಲ್ಲಿ ಎರಡು ಬಗೆ. ಚಕ್ಕಡಿಯವರು ಎತ್ತು ನಡೆಯುವಷ್ಟು ದೂರದಲ್ಲೇ ಕಬ್ಬು ಹೊರಬೇಕು. ಹಾಗಾಗಿ ಕಾರ್ಖಾನೆಯ ಸುತ್ತಲೇ ಜೋಪಡಿ ಹಾಕಿಕೊಂಡು ಹಂಗಾಮು ಮುಗಿಯುವ ತನಕ ಅಲ್ಲೇ ಇರುತ್ತಾರೆ. ಟ್ರ್ಯಾಕ್ಟರ್ ಗ್ಯಾಂಗಿನವರು ದೂರದ ಹಳ್ಳಿಗಳಲ್ಲಿ ಇಳಿದು, ಕಬ್ಬು ಮುಗಿದಂತೆ ಊರು ಬದಲಿಸುತ್ತಾರೆ. ಮೊದಲನೆಯವರ ಮಕ್ಕಳನ್ನು ನಾಲ್ಕು ತಿಂಗಳು ಒಂದೇ ಶಾಲೆಗೆ ಕಳಿಸಬಹುದು. ಎರಡನೆಯವರ ಮಕ್ಕಳಿಗೆ ನೀವು ತಗಡು ಹೊಡೆದು ಮುಗಿಸುವುದರೊಳಗೆ ಗ್ಯಾಂಗೇ ಎದ್ದು ಹೋಗಿರುತ್ತದೆ. ನಿಮ್ಮಲ್ಲಿ ಇಳಿದವರು ಯಾರು, ಬೀಡ್ ಕಡೆಯ ಮರಾಠಿ ಮಾತಿನವರೋ, ವಿಜಯಪುರದ ತಾಂಡಾಗಳ ಲಂಬಾಣಿ ಮಾತಿನವರೋ ಎಂಬುದನ್ನೂ ಬರೆದುಕೊಳ್ಳಿ. ಗ್ಯಾಂಗನ್ನು ಕರೆತರುವ ಮುಕಾದಮನ ಹತ್ತಿರ ಗಂಡ-ಹೆಂಡತಿ ಜೋಡಿಗಳ ಲೆಕ್ಕ ಇರುತ್ತದೆ, ಮಕ್ಕಳ ಲೆಕ್ಕ ಇರುವುದಿಲ್ಲ. ನಸುಕಿನಲ್ಲೇ ಜನ ಹೊಲಕ್ಕೆ ಹೋಗುವುದರಿಂದ ಸಂಜೆ ಒಲೆ ಹೊತ್ತಿದ ಮೇಲೆ ಜೋಪಡಿಗೆ ಹೋಗಿ: ಮಗುವಿನ ಹೆಸರು, ವಯಸ್ಸು, ಊರಿನಲ್ಲಿ ಓದುತ್ತಿದ್ದ ಶಾಲೆ ಮತ್ತು ತರಗತಿ, ಮನೆಮಾತು, ಲಸಿಕೆಯ ತಾಯಿ ಕಾರ್ಡ್ ಇದೆಯೋ ಇಲ್ಲವೋ, ಕೈಗೂಸನ್ನು ಯಾರು ನೋಡಿಕೊಳ್ಳುತ್ತಾರೆ. ಈ ಆರು ಕಲಂ ಇದ್ದರೆ ಸಾಕು.

ಕೊನೆಯ ಕಲಂ ಎಲ್ಲಕ್ಕಿಂತ ಮುಖ್ಯ. ಬದುವಿನ ಬೇವಿನ ಮರಕ್ಕೆ ಹಳೆಯ ಸೀರೆ ಕಟ್ಟಿ ಆರು ತಿಂಗಳ ಕೂಸನ್ನು ಮಲಗಿಸಿರುತ್ತಾರೆ. ಜೋಳಿಗೆ ತೂಗಲು ಎಂಟು ವರ್ಷದ ಅಕ್ಕ ಕೂತಿರುತ್ತಾಳೆ. ಆ ಹುಡುಗಿಗೆ ಪುಸ್ತಕ, ಚೀಲ, ಸಮವಸ್ತ್ರ ಏನು ಕೊಟ್ಟರೂ ಶಾಲೆಗೆ ಬರಲಾರಳು, ಕೂಸನ್ನು ಬಿಟ್ಟು ಬರುವಂತಿಲ್ಲ. ಆದ್ದರಿಂದ ನಿಮ್ಮ ಹಣ ಮೊದಲು ಕೂಸಿನ ಮನೆಗೆ ಹೋಗಲಿ. ಗ್ಯಾಂಗಿನಲ್ಲೇ ಕಡಿಯುವ ಶಕ್ತಿ ಇಲ್ಲದ ಒಬ್ಬ ಹಿರಿಯ ಹೆಂಗಸು ಮತ್ತು ಊರಿನ ಒಬ್ಬ ಹೆಣ್ಣುಮಗಳು ಸೇರಿ ಹತ್ತು ಕೂಸುಗಳನ್ನು ನೋಡಿಕೊಳ್ಳಬಹುದು. ತಾಯಂದಿರು ಹೊಲಕ್ಕೆ ಹೋಗುವ ಹೊತ್ತಿಗೇ ಅದು ತೆರೆಯಬೇಕು. ಒಂಬತ್ತಕ್ಕೆ ತೆರೆಯುವ ಕೂಸಿನ ಮನೆಯಿಂದ ಅವರಿಗೆ ಏನೂ ಉಪಯೋಗವಿಲ್ಲ. ಮೂರರಿಂದ ಆರು ವರ್ಷದವರನ್ನು ಹತ್ತಿರದ ಅಂಗನವಾಡಿಗೆ ಸೇರಿಸಿ. ವಲಸೆ ಬಂದವರೆಂದು ಊಟ, ಲಸಿಕೆ ನಿರಾಕರಿಸುವಂತಿಲ್ಲ.

ಆರು ದಾಟಿದವರಿಗೆ ಸರ್ಕಾರಿ ಶಾಲೆಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 14 ವರ್ಷದ ತನಕ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಟಿ.ಸಿ. ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಎಂದು ವಾಪಸು ಕಳಿಸುವಂತಿಲ್ಲ. ಮುಖ್ಯೋಪಾಧ್ಯಾಯರು ಹಿಂಜರಿದರೆ ಜಗಳಕ್ಕೆ ನಿಲ್ಲಬೇಡಿ. ಮಕ್ಕಳ ಪಟ್ಟಿ ಹಚ್ಚಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಶಾಲೆ ದೂರವಿದ್ದರೆ, ಇಲ್ಲವೆ ಮಕ್ಕಳಿಗೆ ಕನ್ನಡ ಬಾರದಿದ್ದರೆ ಆಗ ಶೆಡ್ಡಿನ ಮಾತು. ಆ ಶೆಡ್ಡೂ ಹಾಜರಿ ಪುಸ್ತಕದ ಮಟ್ಟಿಗೆ ಸರ್ಕಾರಿ ಶಾಲೆಗೆ ಹೊಂದಿಕೊಂಡಿರಲಿ. ಇಲ್ಲದಿದ್ದರೆ ಬಿಸಿಯೂಟ ಬರುವುದಿಲ್ಲ. ಹಂಗಾಮು ಮುಗಿದು ಊರಿಗೆ ಹೋಗುವಾಗ ಮಗು ಇಷ್ಟು ದಿನ ಇಲ್ಲಿ ಕಲಿಯಿತು ಎಂಬ ಪತ್ರ ಕೈಯಲ್ಲಿರಬೇಕು, ಇಲ್ಲದಿದ್ದರೆ ಅಲ್ಲಿಯ ಶಾಲೆ ಆ ಮಗುವನ್ನು ಗೈರುಹಾಜರಿಯಲ್ಲೇ ಇಟ್ಟಿರುತ್ತದೆ.

ರೇಷನ್ ವಿಷಯವನ್ನೂ ಅವರಿಗೆ ಹೇಳಿ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಮಹಾರಾಷ್ಟ್ರದ ಕಾರ್ಡಿಗೂ ನಿಮ್ಮೂರ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಸಿಗುತ್ತದೆ. ಅರ್ಧ ಪಾಲು ಇಲ್ಲಿ ಎತ್ತಿ, ಉಳಿದರ್ಧವನ್ನು ಊರಿನಲ್ಲಿರುವ ಹಿರಿಯರು ಎತ್ತಿಕೊಳ್ಳಬಹುದು. ಬಹಳ ಮಂದಿಗೆ ಇದು ಗೊತ್ತಿಲ್ಲದೆ ಸಂತೆಯಲ್ಲಿ ದುಬಾರಿ ಅಕ್ಕಿ ಕೊಳ್ಳುತ್ತಾರೆ.

ನಮ್ಮ ಹೆಣ್ಣುಮಕ್ಕಳ ಆಶ್ರಯಧಾಮಕ್ಕೆ ಒಂದು ಕಂಪನಿ ಸಿ.ಎಸ್.ಆರ್. ಹಣ (ಕಂಪನಿಗಳು ಸಮಾಜಸೇವೆಗೆ ತೆಗೆದಿಡುವ ಹಣ) ಕೊಡಲು ಮುಂದಾಗಿದೆ. ಪ್ರತಿ ಹುಡುಗಿಯ ಫೋಟೋ, ಹೆಸರು, ಅವಳ ಕಷ್ಟದ ಕಥೆ ಕೇಳುತ್ತಿದೆ. ಕೊಡಬಹುದೆ? (ಬೆಳಗಾವಿ)

ಕೊಡಬೇಡಿ. ಆಸರೆ ಬೇಡಿ ಬಂದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಹತ್ತುವ ಯಾವುದೇ ವಿವರವನ್ನು ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ತಪ್ಪಿದರೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ಕಣ್ಣಿಗೆ ಕಪ್ಪು ಪಟ್ಟಿ ಹಾಕಿದ್ದೇವೆ’ ಎನ್ನುವುದು ಸಾಲದು. ಫ್ರಾಕಿನ ಬಣ್ಣ, ಹಿಂದಿನ ಗೋಡೆ, ಜೊತೆಗಿರುವ ಗೆಳತಿ ಇಷ್ಟರಿಂದಲೇ ಊರಿನವರು ಹುಡುಗಿಯನ್ನು ಗುರುತಿಸುತ್ತಾರೆ. ಹದಿನೈದು ವರ್ಷದ ನಂತರ ಅವಳ ಮದುವೆಯ ಮಾತುಕತೆಯ ಹೊತ್ತಿಗೂ ಆ ಚಿತ್ರ ಯಾರದೋ ಫೋನಿನಲ್ಲಿ ಉಳಿದಿರುತ್ತದೆ.

ಕಂಪನಿಗೆ ಕಾನೂನು ಕೇಳುವುದು ಹಣ ಯಾವುದಕ್ಕೆ ಹೋಯಿತು ಎಂಬ ಲೆಕ್ಕವನ್ನು. ಮಕ್ಕಳ ಮುಖವನ್ನು ಅದು ಕೇಳುವುದಿಲ್ಲ. ಅವರ ಹಣಕಾಸು ಅಧಿಕಾರಿ ಪ್ರಮಾಣೀಕರಿಸಲು ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್, ಆಡಿಟರ್ ಸಹಿಯ ಬಳಕೆ ಪ್ರಮಾಣಪತ್ರ ಬೇಕು, ಅಷ್ಟೇ. ಹುಡುಗಿಯರ ಫೋಟೋ, ಕಥೆಗೆ ಬದಲಾಗಿ ಕಟ್ಟಿದ ಬಚ್ಚಲಿನ ಚಿತ್ರ ಕೊಡಿ, ಅಡುಗೆಮನೆಯ ಚಿತ್ರ ಕೊಡಿ, ಎಷ್ಟು ಮಕ್ಕಳು ಯಾವ ತರಗತಿ ಮುಗಿಸಿದರು ಎಂಬ ಸಂಖ್ಯೆ ಕೊಡಿ. ಒಪ್ಪದ ದಾನಿಯನ್ನು ಬಿಟ್ಟುಬಿಡಿ. ಸಂಸ್ಥೆಗೆ ಅದು ಕಷ್ಟವೆಂದು ನಮಗೂ ಗೊತ್ತು, ಆದರೂ ಬಿಡಿ. ನಿಮ್ಮ ಸಂಸ್ಥೆಗೆ ಸಿ.ಎಸ್.ಆರ್-1 ನೋಂದಣಿ ಆಗಿದೆಯೇ ನೋಡಿಕೊಳ್ಳಿ. 2021ರ ಏಪ್ರಿಲ್ 1ರಿಂದ ಅದಿಲ್ಲದೆ ಕಂಪನಿ ನಿಮಗೆ ಹಣ ಕೊಡಲು ಬರುವುದಿಲ್ಲ.

ಪತ್ರದಲ್ಲಿ ಧಾಮದ ನೋಂದಣಿಯ ಮಾತೇ ಇಲ್ಲದ್ದರಿಂದ ಇದನ್ನೂ ಹೇಳಬೇಕಾಗಿದೆ. ಬಾಲನ್ಯಾಯ ಕಾಯ್ದೆಯ 41ನೇ ಕಲಂನಂತೆ ನೋಂದಣಿ ಇಲ್ಲದೆ ಇಂಥ ಮಕ್ಕಳನ್ನು ಇಟ್ಟುಕೊಳ್ಳುವುದು ಅಪರಾಧ, ಮನಸ್ಸು ಎಷ್ಟೇ ಒಳ್ಳೆಯದಿರಲಿ. ಹೊಸದಾಗಿ ಬಂದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ‘ತಾಯಿಯೇ ತಂದು ಬಿಟ್ಟಳು, ಬರೆದೂ ಕೊಟ್ಟಳು’ ಎಂಬ ಚೀಟಿ ಅದಕ್ಕೆ ಬದಲಾಗದು. ನಿಯಮದಂತೆ 7 ಮಕ್ಕಳಿಗೊಂದು ಶೌಚಾಲಯ, 10 ಮಕ್ಕಳಿಗೊಂದು ಸ್ನಾನದ ಕೋಣೆ ಇರಬೇಕು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಸಂಸ್ಥೆಯ ಮರ್ಯಾದೆ ನೋಡುತ್ತ ಒಳಗೊಳಗೇ ವಿಚಾರಣೆಗೆ ಕೂರಬೇಡಿ. ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ನಮ್ಮ ಮಹಿಳಾ ಸಂಘದಲ್ಲಿ ಮಾಜಿ ದೇವದಾಸಿ ತಾಯಂದಿರು ಹೆಚ್ಚು. ಮಕ್ಕಳ ಅರ್ಜಿಗಳಲ್ಲಿ ತಂದೆಯ ಹೆಸರು ಇಲ್ಲವೆಂದು ಕಚೇರಿಗಳು ಅಲೆದಾಡಿಸುತ್ತವೆ. (ಸವದತ್ತಿ)

ಅಕ್ಕಂದಿರೇ, ಸುಳ್ಳು ಹೆಸರು ಬರೆಸುವುದು, ದೇವರ ಹೆಸರನ್ನೇ ತಂದೆ ಎಂದು ಬರೆಸುವುದು ಇವೆರಡನ್ನೂ ಬಿಡಿ. ಒಂದು ದಾಖಲೆಯಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಆಗಿ ಮಗು ಎಸ್ಸೆಸ್ಸೆಲ್ಸಿ ಮುಟ್ಟುವ ಹೊತ್ತಿಗೆ ಬಿಡಿಸಲಾಗದ ಗಂಟಾಗುತ್ತದೆ. ಅವಿವಾಹಿತ ತಾಯಿ ತನ್ನ ಮಗುವಿಗೆ ಜನನ ಪ್ರಮಾಣಪತ್ರ ಕೇಳಿದರೆ ಆಕೆಯ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ) ಒಂದರ ಮೇಲೆ ಅಧಿಕಾರಿಗಳು ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ತಾಯಿಯೊಬ್ಬಳೇ ಪೋಷಕಿಯಾಗಿದ್ದರೆ ಪ್ಯಾನ್ ಅರ್ಜಿಯಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ ಎಂಬ ನಿಯಮ 2018ರ ಡಿಸೆಂಬರ್‌ನಿಂದ ಇದೆ. 1982ರ ದೇವದಾಸಿ ನಿಷೇಧ ಕಾಯ್ದೆ ಮುಖ್ಯವಾಗಿ ಮುಡಿಪು ಬಿಡುವುದನ್ನು ತಡೆಯುವುದಕ್ಕೆ ಇತ್ತು. 2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ಮಸೂದೆ ಮಕ್ಕಳ ಹಕ್ಕು ಮತ್ತು ಪುನರ್ವಸತಿಯನ್ನೂ ಒಳಗೊಂಡಿದೆ.

ಕಚೇರಿಗೆ ಹೋಗುವಾಗ ಬಾಯಿಮಾತಿನಲ್ಲಿ ಕೇಳಬೇಡಿ. ಅರ್ಜಿ ಎರಡು ಪ್ರತಿ ಇರಲಿ, ಒಂದರ ಮೇಲೆ ಸ್ವೀಕೃತಿ ಸಿಕ್ಕಾ ಹಾಕಿಸಿ. ತಿರಸ್ಕರಿಸುವುದಾದರೆ ಕಾರಣವನ್ನು ಬರೆದುಕೊಡಿ ಎನ್ನಿ. ಬರೆದುಕೊಡಬೇಕು ಎಂದ ಕೂಡಲೇ ಅರ್ಧಕ್ಕರ್ಧ ಅರ್ಜಿಗಳು ಮುಂದೆ ಸರಿಯುತ್ತವೆ. ಉಳಿದವಕ್ಕೆ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಸಹಾಯವಾಣಿ 15100. ನಿಮ್ಮ ಜಿಲ್ಲೆಯ ಘಟಪ್ರಭಾದಲ್ಲೇ ಮಾಜಿ ದೇವದಾಸಿ ತಾಯಂದಿರು ಸದಸ್ಯರಾಗಿ ನಡೆಸುವ ‘ಮಾಸ್’ ಸಂಸ್ಥೆ ಇದೆ. ಅದರ ನಾಯಕಿ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಿತು. ಅವರನ್ನು ಕಂಡು ಬನ್ನಿ. ನಿಮ್ಮ ಸಂಘದ ಫಲಕದಲ್ಲಿ, ಮಕ್ಕಳ ಚೀಲದ ಮೇಲೆ, ವರದಿಯಲ್ಲಿ ‘ದೇವದಾಸಿ ಮಕ್ಕಳು’ ಎಂದು ಅಚ್ಚು ಹಾಕಿಸಬೇಡಿ.

ದುಬೈಯಲ್ಲಿರುವ ನನ್ನ ತಮ್ಮ ನಮ್ಮ ಸಂಸ್ಥೆಗೆ 50,000 ರೂಪಾಯಿ ಕಳಿಸುತ್ತಾನಂತೆ. ಎಫ್.ಸಿ.ಆರ್.ಎ. (ವಿದೇಶಿ ದೇಣಿಗೆ ಪಡೆಯುವ ನೋಂದಣಿ) ಬೇಕೆ? (ವಿಜಯಪುರ)

ತಮ್ಮನ ಪಾಸ್‌ಪೋರ್ಟ್ ಭಾರತದ್ದಾಗಿದ್ದು, ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆಯಲ್ಲ. ಪಾಸ್‌ಪೋರ್ಟ್ ಪ್ರತಿಯನ್ನು ಪಾವತಿಯ ಜೊತೆ ಕಡತದಲ್ಲಿಡಿ. ಬೇರೆ ದೇಶದ ಪೌರತ್ವ ಪಡೆದಿದ್ದರೆ, ಓ.ಸಿ.ಐ. (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ಹಣವೇ. ಎಫ್.ಸಿ.ಆರ್.ಎ. ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ.

ನಿವೃತ್ತ ಶಿಕ್ಷಕ. ಒಂದು ಅನಾಥಾಲಯಕ್ಕೆ 10,000 ರೂಪಾಯಿ ಕೊಡಬೇಕೆಂದಿದ್ದೇನೆ. ಸಂಸ್ಥೆ ಖರೆಯದೋ ಹೇಗೆ ತಿಳಿಯುವುದು? (ಬಾಗಲಕೋಟೆ)

ಗುರುಗಳೇ, ಮೂರು ಕಾಗದ ಕೇಳಿ: ಬಾಲನ್ಯಾಯ ಕಾಯ್ದೆಯ ನೋಂದಣಿ ಪತ್ರ, ಹೋದ ವರ್ಷದ ಆಡಿಟ್ ವರದಿ, 80ಜಿ ಆದೇಶ (ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ ಪತ್ರ). ತೋರಿಸಲು ಬೇಸರಿಸುವವರಿಗೆ ಕೊಡಬೇಡಿ. ಆಡಿಟ್ ವರದಿಯಲ್ಲಿ ಆಹಾರದ ಖರ್ಚನ್ನು ಮಕ್ಕಳ ಸಂಖ್ಯೆಯಿಂದ, ಆಮೇಲೆ 365ರಿಂದ ಭಾಗಿಸಿ ನೋಡಿ. ದಿನಕ್ಕೆ ಒಂದು ಮಗುವಿಗೆ ಹತ್ತು ರೂಪಾಯಿ ಬಂದರೆ ಮಕ್ಕಳ ಸಂಖ್ಯೆ ಸುಳ್ಳಿರಬೇಕು, ಇಲ್ಲವೆ ಊಟ ಸುಳ್ಳಿರಬೇಕು. ದಾನವಾಗಿ ಬಂದ ಅಕ್ಕಿ-ಬೇಳೆಗೂ ದಾಸ್ತಾನು ಪುಸ್ತಕ ಇದೆಯೇ ಎಂದು ಕೇಳಿ. ನಗದಾಗಿ 2,000 ರೂಪಾಯಿ ಮೀರಿ ಕೊಟ್ಟರೆ ತೆರಿಗೆ ರಿಯಾಯಿತಿ ಇಲ್ಲ, ಚೆಕ್ಕಿನಲ್ಲಿ ಕೊಡಿ. ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಈ ರಿಯಾಯಿತಿಯೇ ಅನ್ವಯಿಸುವುದಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಕಲಂ ನಂಬರು ಬೇರೆ ಕಂಡರೆ ಗಾಬರಿಯಾಗಬೇಡಿ.

ಮಲಪ್ರಭೆ ಮತ್ತೆ ಉಕ್ಕಿದರೆ ಎಂದು ಮುಂಚಿತವಾಗಿ ಕಿಟ್ ಸಿದ್ಧಪಡಿಸುತ್ತಿದ್ದೇವೆ. ಏನೇನು, ಎಷ್ಟೆಷ್ಟು ಇಡಬೇಕು? (ರಾಮದುರ್ಗ)

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದ್ದನ್ನು ನಿಮ್ಮೂರು ಕಂಡಿದೆ. ನೆರೆ ಬಂದ ಮೊದಲ ಎರಡು ದಿನ ಯಾರ ಮನೆಯಲ್ಲೂ ಒಲೆ ಹೊತ್ತುವುದಿಲ್ಲ. ಆಗ ಅಕ್ಕಿ ಚೀಲ ಕೊಟ್ಟು ಏನು ಮಾಡುವುದು? ಐದು ಜನರ ಮನೆಗೆ 60 ಖಡಕ್ ರೊಟ್ಟಿ, ಅರ್ಧ ಕೆಜಿ ಶೇಂಗಾ ಹಿಂಡಿ (ಚಟ್ನಿಪುಡಿ), ಬೆಲ್ಲ, ಅವಲಕ್ಕಿ ಇವು ಮೊದಲ ಚೀಲದಲ್ಲಿರಲಿ. ರೊಟ್ಟಿಯನ್ನು ಆರಿಸದೆ ಬಿಸಿಯಲ್ಲೇ ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಬೂಸ್ಟು ಹಿಡಿಯುತ್ತದೆ. ಎರಡನೇ ಚೀಲ ಒಂದು ವಾರದ ಅಡುಗೆಗೆ: 14 ಕೆಜಿ ಅಕ್ಕಿ, ಎರಡೂವರೆ ಕೆಜಿ ತೊಗರಿಬೇಳೆ, 1 ಲೀಟರ್ ಎಣ್ಣೆ, 1 ಕೆಜಿ ಸಕ್ಕರೆ, 1 ಕೆಜಿ ಅವಲಕ್ಕಿ, ಉಪ್ಪು, ಖಾರ. ಒಬ್ಬರಿಗೆ ದಿನಕ್ಕೆ 2,100 ಕ್ಯಾಲೊರಿಯ ಲೆಕ್ಕಕ್ಕೆ ಇದು ಹೆಚ್ಚುಕಡಿಮೆ ಸರಿಹೋಗುತ್ತದೆ. ಜೋಳದ ಹಿಟ್ಟು ಬೇಡ, ಥಂಡಿಗೆ ಗಂಟು ಕಟ್ಟುತ್ತದೆ.

ಕ್ಲೋರಿನ್ ಮಾತ್ರೆ ಇಡಿ. ಅರ್ಧ ಗ್ರಾಂನದು ಒಂದು ಮಾತ್ರೆ 20 ಲೀಟರ್ ಕೊಡಕ್ಕೆ ಸಾಕು. ನಾಲ್ಕು ಮಡಿಕೆಯ ಬಟ್ಟೆಯಲ್ಲಿ ನೀರು ಸೋಸಿದ ಮೇಲೆ ಹಾಕಿ, ಅರ್ಧ ಗಂಟೆ ಕಾಯಬೇಕು. ಸೋಸದೆ ರಾಡಿ ನೀರಿಗೇ ಹಾಕಿದರೆ ಕೆಸರು ಮದ್ದನ್ನು ನುಂಗಿಬಿಡುತ್ತದೆ. ಓ.ಆರ್.ಎಸ್. ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರ್ ನೀರಿಗೇ ಕರಗಿಸಬೇಕು, ಚಿಟಿಕೆ ಚಿಟಿಕೆ ಲೋಟಕ್ಕೆ ಹಾಕುವುದು ತಪ್ಪು.

ಹಳೆಯ ಬಟ್ಟೆ ಬೇಡವೇ ಬೇಡ ಎಂದು ಫಲಕ ಹಾಕಿ. ಲಾರಿಗಟ್ಟಲೆ ಬಂದು ಶಾಲೆಯ ವರಾಂಡದಲ್ಲಿ ನೆನೆದು ಕೊಳೆಯುತ್ತದೆ, ಅದನ್ನು ಎತ್ತಿಹಾಕುವ ಕೆಲಸವೂ ನೊಂದವರ ಮೇಲೇ ಬೀಳುತ್ತದೆ. ಹೊಸ ಒಳಬಟ್ಟೆ, ಸೀರೆ, ಪ್ಯಾಡ್, ಹಾಸಿಗೆ ಚಾದರ ಕೇಳಿ. ದನಕ್ಕೆ ಕಣಕಿ ಇಲ್ಲದಿದ್ದರೆ ರೈತ ಮನೆ ಬಿಟ್ಟು ಬರುವುದಿಲ್ಲ. ದೊಡ್ಡ ದನವೊಂದಕ್ಕೆ ದಿನಕ್ಕೆ 6 ಕೆಜಿಯಂತೆ ಎತ್ತರದ ಜಾಗದಲ್ಲಿ ಬಣವೆ ಹಾಕಿಡಿ.

ನೀರಿಳಿದ ಮೇಲೆ ರಾಡಿ ತೆಗೆಯುವ ಮೊದಲೇ ಪ್ರತಿ ಮನೆಯ ನಾಲ್ಕೂ ಗೋಡೆಯ ಫೋಟೋ ತೆಗೆಯಿರಿ. ನೀರು ನಿಂತ ಗುರುತಿನ ಪಕ್ಕ ಯಾರಾದರೂ ನಿಂತಿರಲಿ, ಎತ್ತರ ತಿಳಿಯುತ್ತದೆ. ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿ ಪರಿಹಾರ ಕೊಡುವುದರಿಂದ, ತೊಳೆದು ಸಾರಿಸಿದ ಮನೆ ಕಡಿಮೆ ವರ್ಗಕ್ಕೆ ಬೀಳುವ ಭಯ ಇರುತ್ತದೆ. ಪಟ್ಟಿಯಿಂದ ತಪ್ಪಿಹೋಗುವವರು ಯಾವಾಗಲೂ ಅವರೇ: ಬೇರೆಯವರ ಜಾಗದಲ್ಲಿ ಗುಡಿಸಲು ಹಾಕಿದವರು, ಬಾಡಿಗೆಯವರು, ಗಂಡ ಸತ್ತ ಮೇಲೆ ಉತಾರಿಯಲ್ಲಿ ಹೆಸರು ಬರದ ಹೆಣ್ಣುಮಕ್ಕಳು. ಓಣಿ ಓಣಿ ತಿರುಗಿ ಅವರ ಹೆಸರು, ಆಧಾರ್ ಪ್ರತಿ, ವಿದ್ಯುತ್ ಬಿಲ್ಲು, ಪಂಚಾಯಿತಿಗೆ ಕಟ್ಟಿದ ತೆರಿಗೆಯ ಪಾವತಿ ಏನಿದೆಯೋ ಅದನ್ನು ಮಳೆಗಾಲಕ್ಕೆ ಮೊದಲೇ ಬರೆದು, ಒಂದು ಪ್ರತಿಯನ್ನು ಗ್ರಾಮ ಆಡಳಿತ ಅಧಿಕಾರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಇನ್ನೊಂದು ಪ್ರತಿ ನದಿ ದಂಡೆಯಿಂದ ದೂರದ ಯಾರದಾದರೂ ಮನೆಯಲ್ಲಿರಲಿ.